ಬಾಯಲ್ಲಿ ಗುಂಡುಸೂಜಿ ಇದ್ದಾಗ ಹೊರಟ ‘ಊಹೂಂ’ ಕುರಿತು ಮೂವರು ಹಿರಿಯ ವಕೀಲರಿಗೆ

ಮಾನ್ಯರೇ,

ಕಾನೂನು ಕಾಲೇಜಿನ ಸಭಾಂಗಣದಲ್ಲಿ ಹೋದ ತಿಂಗಳು ನಡೆದ ‘ನಾಳಿನ ವಕೀಲರಿಗೆ ಹಿರಿಯರ ಹಿತನುಡಿ’ ಎಂಬ ಕಾರ್ಯಕ್ರಮದಲ್ಲಿ ವೇದಿಕೆಯ ಮೇಲೆ ಕುಳಿತು, ಆ ಕುರ್ಚಿಗಳಿಗೆ ಗೌರವವನ್ನೂ ನಮ್ಮ ಮನೆಗೆ ಈಗಿನ ಅವಸ್ಥೆಯನ್ನೂ ತಂದುಕೊಟ್ಟ ತಮ್ಮ ಮೂವರಿಗೆ ಸೂಜಿ, ದಾರ, ಕತ್ತರಿ ಸಮೇತ ನನ್ನ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ತಮ್ಮಲ್ಲಿ ಒಬ್ಬರ ಗಂಟಲು ಬಹಳ ಆರೋಗ್ಯವಾಗಿರುವುದನ್ನಂತೂ ಕೋರ್ಟಿನ ಹಿಂದಿನ ಬೀದಿಯಲ್ಲಿ ಕೂತು ದಿನವೂ ಕೇಳಿಸಿಕೊಳ್ಳುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಾರದು, ಆದರೆ ತಮ್ಮಲ್ಲಿ ಒಬ್ಬರ ಹೊಟ್ಟೆಗೆ ನನ್ನ ಪರಿಚಯವಿದೆ. ದೊಡ್ಡ ಗಂಟಲಿನ ಹಿರಿಯರು ‘ಆತ್ಮವಿಶ್ವಾಸ’ ಎಂಬ ಮಾತಿಗೆ ಮೇಜು ಗುದ್ದಿದಾಗ ಅವರ ಕೋಟಿನ ನಡುಗುಂಡಿ ಕಿತ್ತುಕೊಂಡು ಹಾರಿ, ಪಕ್ಕದ ಹಿರಿಯರ ನೀರಿನ ಲೋಟದೊಳಗೆ ಬಿತ್ತಲ್ಲ, ಆಗ ಕೊನೆಯ ಸಾಲಿನಲ್ಲಿ ಕೂತಿದ್ದ ನನ್ನ ಅಕ್ಕ ಎದ್ದು ನಿಂತು, “ನನ್ನ ತಂಗಿ ಹೊಲೀತಾಳೆ, ಚೀಲದಲ್ಲಿ ಸೂಜಿ ಇದೆ” ಎಂದು ಕೂಗಿ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನು ವೇದಿಕೆಯ ಅಂಚಿನಲ್ಲಿ ಮಂಡಿಯೂರಿ ಆ ಗುಂಡಿಯನ್ನು ಹೊಲಿದೆ. ಹಿರಿಯರು ಭಾಷಣ ನಿಲ್ಲಿಸಲಿಲ್ಲ, ಹೊಟ್ಟೆಯನ್ನು ಮಾತ್ರ ನನಗೆ ಒಪ್ಪಿಸಿದರು. ಪ್ರತಿ ವಾಕ್ಯಕ್ಕೂ ಅದು ಮುಂದೆ ಬರುತ್ತಿತ್ತು, ಉಸಿರು ತೆಗೆದುಕೊಳ್ಳುವಾಗ ಹಿಂದೆ ಹೋಗುತ್ತಿತ್ತು, ನಾನು ಸೂಜಿ ಹಿಡಿದು ಅದರ ಹಿಂದೆ ಹೋಗಿಬರುತ್ತಿದ್ದೆ. ಒಂದು ಸಲವೂ ಚುಚ್ಚಲಿಲ್ಲ. ಆ ಬಗ್ಗೆ ಈಗ ನನಗೆ ಸ್ವಲ್ಪ ವಿಷಾದವಿದೆ.

ಕೆಲಸ ಮುಗಿದ ಮೇಲೆ ಅಷ್ಟು ಜನರ ಎದುರು ನಡೆದು ವಾಪಸ್ಸು ಹೋಗಲು ನಾಚಿಕೆಯಾಗಿ ನಾನು ವೇದಿಕೆಯ ಪಕ್ಕದ ಪರದೆಗೆ ಅಂಟಿಕೊಂಡೇ ಕೊನೆಯವರೆಗೆ ನಿಂತಿದ್ದೆ. ಹೀಗಾಗಿ ತಮ್ಮ ಹಿತನುಡಿಗಳನ್ನೆಲ್ಲ ಅತಿ ಹತ್ತಿರದಿಂದ ಕೇಳುವ ಭಾಗ್ಯ ನನ್ನದಾಯಿತು. ಮೇಜು ಗುದ್ದುವ ಹಿರಿಯರು ಹೇಳಿದ್ದು: “ಏನೇ ಬರಲಿ, ಮೊದಲು ಅಲ್ಲಗಳೆಯಿರಿ. ಆಮೇಲೆ ಅದು ಏನು ಅಂತ ಓದಿ ನೋಡಿ.” ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಗುಂಡಿ ಬಿದ್ದ ನೀರನ್ನೇ ಕುಡಿದ ಹಿರಿಯರು ಹೇಳಿದ್ದು: “ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎಂದೂ ಕೇಳಬೇಡಿ, ಕಕ್ಷಿದಾರರಿಗೆ ಬಾಯಿ ತೆರೆಯಲು ಬಿಡಬೇಡಿ, ದಿಕ್ಕು ತೋಚದಿದ್ದರೆ ವಾಯಿದೆ ಕೇಳಿ.” ಇಷ್ಟಾಗುವ ಹೊತ್ತಿಗೆ ಸಮಯ ಮೀರಿತ್ತು. ಬೆಳ್ಳಿಗೂದಲಿನ ವಕೀಲರಮ್ಮನವರು ಎದ್ದು ನಿಂತಾಗ ಮೈಕಿನವನು ವೈರು ಸುತ್ತಲು ಆರಂಭಿಸಿದ್ದ, ಎಲ್ಲರೂ ಫೋಟೋಗೆ ತಲೆ ಬಾಚಿಕೊಳ್ಳುತ್ತಿದ್ದರು. ಆ ಅಮ್ಮನವರು ಮೈಕಿಲ್ಲದೆ ಏನು ಹೇಳಿದರೆಂಬುದು ಪರದೆಗೆ ಅಂಟಿಕೊಂಡಿದ್ದ ನನಗೆ ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮಾನ್ಯರೇ, ತಮ್ಮ ಮಾತುಗಳು ಗಾಳಿಗೆ ಹೋಗಲಿಲ್ಲ ಎಂಬುದನ್ನು ತಿಳಿಸಲು ಹೆಮ್ಮೆಯಾಗುತ್ತದೆ. ಅವು ನೇರವಾಗಿ ನಮ್ಮ ಮನೆಗೆ ಬಂದವು. ಕಾನೂನಿನ ಕೊನೆಯ ಪರೀಕ್ಷೆ ಬರೆದು ಕಪ್ಪು ಕೋಟಿಗಾಗಿ ಕಾಯುತ್ತಿರುವ ನನ್ನ ಅಕ್ಕ ಅಂದಿನಿಂದ ನಮ್ಮ ಎರಡು ಕೋಣೆಯ ಮನೆಯನ್ನೇ ನ್ಯಾಯಾಲಯ ಮಾಡಿಕೊಂಡಿದ್ದಾಳೆ. ಒಂದು ಬೆಳಿಗ್ಗೆ ಅಮ್ಮ, “ಹಾಲು ಉಕ್ಕಿಸಿದ್ದು ನೀನೇ ತಾನೆ?” ಎಂದು ಕೇಳಿದಾಗ ಅಕ್ಕ ಸೆರಗು ಸರಿಮಾಡಿಕೊಂಡು, “ಹಾಲು ಉಕ್ಕಿದೆ ಎಂಬುದನ್ನೇ ನಾನು ಅಲ್ಲಗಳೆಯುತ್ತೇನೆ” ಎಂದಳು. ಅಮ್ಮ, “ಅಲ್ಲಗಳೆಯೋದು ಆಮೇಲೆ, ಮೊದಲು ಒಲೆ ತೊಳಿ, ಸಾಕ್ಷಿ ಅದರ ಮೇಲೇ ಅಂಟ್ಕೊಂಡಿದೆ” ಎಂದು ಬಟ್ಟೆ ಎಸೆದರು. ಅಕ್ಕ ಬಟ್ಟೆಯನ್ನು ಹಿಡಿದು ವಾಯಿದೆ ಕೇಳಿದಳು. ವಾಯಿದೆ ಮುಗಿಯುವಷ್ಟರಲ್ಲಿ ಒಲೆ ನಾನು ತೊಳೆದಾಗಿತ್ತು.

ಕನ್ನಡಿಯ ಎದುರು ನಿಂತು ವಾದಿಸುವುದನ್ನು ರೂಢಿಸಿಕೊಳ್ಳಿ ಎಂದೂ ತಾವು ಹೇಳಿದ್ದಿರಿ. ಅವಳು ದಿನವೂ ವಾದಿಸುತ್ತಾಳೆ. ಇಲ್ಲಿಯವರೆಗೆ ಹೆಚ್ಚಿನ ಮೊಕದ್ದಮೆಗಳನ್ನು ಕನ್ನಡಿಯೇ ಗೆದ್ದಿದೆ ಎಂದು ನನಗೆ ಅನುಮಾನ, ಏಕೆಂದರೆ ಅವಳು ಸಪ್ಪೆ ಮುಖ ಹಾಕಿಕೊಂಡು ಹೊರಬರುತ್ತಾಳೆ. ವಕೀಲರಾದವರು ಓಡಬಾರದು, ಗಾಂಭೀರ್ಯದಿಂದ ನಡೆಯಬೇಕು ಎಂಬ ತಮ್ಮ ಮಾತನ್ನು ಪಾಲಿಸಿ ಅವಳು ಬಸ್ಸಿನ ಕಡೆಗೆ ಗಾಂಭೀರ್ಯದಿಂದ ನಡೆಯುತ್ತಾಳೆ, ಬಸ್ಸಿಗೆ ಅಂಥ ಹಿತನುಡಿ ಯಾರೂ ಹೇಳಿಲ್ಲವಾದ್ದರಿಂದ ಅದು ಹೊರಟುಹೋಗುತ್ತದೆ. ಇವೆಲ್ಲವನ್ನೂ ನಾವು ನಕ್ಕು ಸಹಿಸಿಕೊಂಡಿದ್ದೆವು. ಮನೆಯಲ್ಲಿ ಒಬ್ಬರು ವಕೀಲರಾಗುತ್ತಾರೆಂದರೆ ಅಷ್ಟು ಹಾಲು ಉಕ್ಕಲೇಬೇಕು ಎಂದುಕೊಂಡಿದ್ದೆವು. ನನ್ನ ದೂರು ಇದಕ್ಕಿಂತ ಮುಂದಿನದು, ಅದಕ್ಕೆ ಬರುವ ಮೊದಲು ಒಂದು ವಿಷಯ ಹೇಳಬೇಕು, ಅದನ್ನು ಹೇಳುವುದಕ್ಕೇ ನನಗೆ ಕಿವಿ ಬಿಸಿಯಾಗುತ್ತಿದೆ.

ನಾನು ಕೋರ್ಟಿನ ಹಿಂದಿನ ಬೀದಿಯಲ್ಲಿ, ವಕೀಲರಿಗೆ ಕೋಟು ಹೊಲಿಯುವ ಅಂಗಡಿಯಲ್ಲಿ, ಬೀದಿಯ ಕಡೆಗೆ ಮುಖಮಾಡಿ ಕೂತು ಗುಂಡಿ ತೂರುವ ಕಾಜಾ ಕಟ್ಟುತ್ತೇನೆ, ಗುಂಡಿ ಹಚ್ಚುತ್ತೇನೆ. ಬೀದಿಯ ಆಚೆ ಬದಿಗೆ, ನನ್ನ ಸೂಜಿಯ ನೇರಕ್ಕೆ, ಕೀಲಿ ಮಾಡಿಕೊಡುವವರ ಅಂಗಡಿಯಿದೆ. ಬಾಗಿಲ ಮೇಲೆ ಮರದ ದೊಡ್ಡ ಕೀಲಿಯೊಂದು ನೇತಾಡುತ್ತದೆ, ಅದರ ಕೆಳಗೆ ಅವರು ತಲೆತಗ್ಗಿಸಿ ಅರ ಹಿಡಿದು ಹಿತ್ತಾಳೆ ಉಜ್ಜುತ್ತಾ ಕೂತಿರುತ್ತಾರೆ. ಅವರು ಮಾತಿನಲ್ಲಿ ಬಹಳ ಮಿತ. ಬೀಗ ಕೆಟ್ಟಿದೆಯೆಂದರೆ “ಹೂಂ”, ನಾಳೆ ಆಗುತ್ತದಾ ಎಂದರೆ “ಹೂಂ”, ಮಳೆ ಬರಬಹುದೆಂದರೆ ಮೋಡ ನೋಡಿ “ಹೂಂ”. ಬೀದಿಯವರು ಅವರಿಗೆ ‘ಹೂಂ ಮಾಸ್ತರು’ ಎಂದು ಹೆಸರಿಟ್ಟಿದ್ದಾರೆ. ಅವರ ಪಾಲಿನ ಮಾತುಗಳನ್ನೆಲ್ಲ ಅವರನ್ನು ಸಾಕಿದ ಸೋದರತ್ತೆ ಆಡುತ್ತಾರೆ. ಅತ್ತೆಯವರು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದಿ ಇಡೀ ಬೀದಿಗೆ ಲೋಕಜ್ಞಾನ ಒದಗಿಸುತ್ತಾರೆ.

ಮೊದಲ ಸಲ ನಾನು ಹೋದದ್ದು ಪೆಟ್ಟಿಗೆಯ ಕೀಲಿ ನಿಜವಾಗಿ ಕಳೆದದ್ದರಿಂದ. ಆಮೇಲೆ ಕಳೆದ ಕೀಲಿಗಳಿಗೆಲ್ಲ ನಾನೇ ಕಾರಣ. ನಮ್ಮ ಮನೆಯಲ್ಲಿ ಈಗ ಬೀಗಗಳಿಗಿಂತ ಕೀಲಿಗಳೇ ಹೆಚ್ಚು, ಅಮ್ಮ ಅವನ್ನು ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟಿದ್ದಾರೆ, ಗಾಳಿ ಬಂದಾಗ ನನ್ನ ಗುಟ್ಟು ಕಿಣಿಕಿಣಿ ಎನ್ನುತ್ತದೆ. ಕಳೆಯಲು ಇನ್ನೇನೂ ಉಳಿಯದಿದ್ದಾಗ ಒಂದು ಗಟ್ಟಿಮುಟ್ಟಾದ ಬೀಗವನ್ನೇ ಎತ್ತಿಕೊಂಡು ಹೋದೆ. ಅವರು ಅದನ್ನು ತೆರೆದರು, ಮುಚ್ಚಿದರು, ಎಣ್ಣೆ ಹಾಕಿದರು, ಮತ್ತೆ ತೆರೆದರು, ಕೊನೆಗೆ ನೆಲ ನೋಡುತ್ತಾ, “ಇದಕ್ಕೇನೂ ಆಗಿಲ್ಲ. ಇರಲಿ, ನಾಳೆ ಬನ್ನಿ” ಎಂದರು. ಮಾನ್ಯರೇ, ಆ ಬಾಯಿಂದ ಅಷ್ಟು ಉದ್ದದ ಮಾತು ಹೊರಟದ್ದನ್ನು ಆ ಬೀದಿ ಕೇಳಿರಲಿಲ್ಲ. ಆ ರಾತ್ರಿ ನಾನು ಒಬ್ಬರ ಕೋಟಿಗೆ ಗುಂಡಿಯ ಕಡೆಗೂ ಕಾಜಾ, ಕಾಜಾದ ಕಡೆಗೂ ಕಾಜಾ ಕಟ್ಟಿಬಿಟ್ಟಿದ್ದೆನೆಂದು ಮಾರನೆಯ ದಿನ ಟೈಲರ್ ಮಾಸ್ತರರು ತೋರಿಸಿದಾಗಲೇ ನನಗೆ ಗೊತ್ತಾದದ್ದು.

ಈಗ ದೂರಿಗೆ ಬರುತ್ತೇನೆ. ಹೋದ ವಾರ ಮಧ್ಯಾಹ್ನ ಟೈಲರ್ ಮಾಸ್ತರರು ಊಟಕ್ಕೆ ಹೋಗಿದ್ದರು. ಅಕ್ಕ ತನ್ನ ಜೀವನದ ಮೊದಲ ಕಪ್ಪು ಕೋಟಿನ ಅಳತೆ ನೋಡಲು ಬಂದಿದ್ದಳು. ಕೋಟಿಗೆ ಇನ್ನೂ ಒಂದೇ ತೋಳು ಹಚ್ಚಿತ್ತು. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು, ಕೆಳಗೆ ಕೂತು ನಾನು ಅಂಚು ಮಡಿಸುತ್ತಿದ್ದೆ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ ಅಕ್ಕ ಆಗಲೇ ಅರ್ಧ ವಕೀಲಳಾಗಿದ್ದಳು, ತೋಳಿದ್ದ ಕಡೆಯ ಅರ್ಧ. ಅದೇ ಹೊತ್ತಿಗೆ ಎದುರು ಅಂಗಡಿಯ ಅತ್ತೆಯವರು ಬೀದಿ ದಾಟಿ ಬಂದರು.

ಅತ್ತೆಯವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವಿಲ್ಲ. ಜೆರಾಕ್ಸ್ ಅಂಗಡಿಯವನು ಯಂತ್ರ ನಿಲ್ಲಿಸಿ ಕಿವಿ ಕೊಡುವಷ್ಟು ಸ್ಪಷ್ಟವಾಗಿ ಅವರು ಅಕ್ಕನಿಗೆ, “ನೋಡಮ್ಮ, ನಂಗೆ ಸುತ್ತಿ ಬಳಸಿ ಮಾತಾಡಕ್ಕೆ ಬರಲ್ಲ. ನಮ್ಮ ಹುಡುಗನ್ನ ಅವನ ಮಾವ ದೂರದ ಊರಿಗೆ ಕರೀತಿದಾನೆ, ಬೀಗದ ಕಾರ್ಖಾನೆಗೆ. ಇವನು ಹೋಗ್ತೀನಿ ಅಂತಲೂ ಅನ್ನಲ್ಲ, ಇರ್ತೀನಿ ಅಂತಲೂ ಅನ್ನಲ್ಲ, ನಿಮ್ಮ ಅಂಗಡಿ ಕಡೆ ನೋಡ್ಕೊಂಡು ಒಂದೇ ಕೀಲಿನ ಸವೆಯೋವರೆಗೂ ಉಜ್ತಾನೆ. ನಿನ್ನ ತಂಗಿಗೆ ಇವನ ಮೇಲೆ ಮನಸ್ಸಿದೆಯಾ ಇಲ್ಲವಾ, ಹೇಳಿಬಿಡು” ಎಂದರು.

ನನ್ನ ಎದೆ ಹೊಲಿಗೆ ಯಂತ್ರದ ಹಾಗೆ ಓಡತೊಡಗಿತು. ಅಕ್ಕ ತೋಳಿದ್ದ ಕೈಯನ್ನು ಎತ್ತಿದಳು. ಒಂದು ಕ್ಷಣ ನನ್ನ ಕಡೆ ನೋಡಿದ್ದರೆ ಸಾಕಿತ್ತು. ಆದರೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದೆಂದು ತಾವು ಕಲಿಸಿದ್ದಿರಿ, ಆದ್ದರಿಂದ ಅವಳು ನನ್ನನ್ನು ಕೇಳಲಿಲ್ಲ. ಮೊದಲು ಅಲ್ಲಗಳೆಯಬೇಕೆಂದು ತಾವು ಕಲಿಸಿದ್ದಿರಿ, ಆದ್ದರಿಂದ ಅವಳು ಕನ್ನಡಿಯನ್ನೇ ನೋಡುತ್ತಾ, “ನಮ್ಮ ಕಕ್ಷಿದಾರರು ಈ ಆರೋಪವನ್ನು ಪೂರ್ತಿಯಾಗಿ ಅಲ್ಲಗಳೆಯುತ್ತಾರೆ” ಎಂದಳು.

“ಆರೋಪ ಅಲ್ಲ ಕಣೇ, ಸಂಬಂಧ” ಎಂದರು ಅತ್ತೆ.

“ಅದನ್ನೂ ಅಲ್ಲಗಳೆಯುತ್ತಾರೆ” ಎಂದಳು ಅಕ್ಕ.

ಅತ್ತೆಯವರು ದೊಡ್ಡ ಮನಸ್ಸಿನವರು. ಅವಳನ್ನು ಬಿಟ್ಟು ನನ್ನ ಕಡೆ ಬಗ್ಗಿ, “ಅವಳ ಮಾತು ಹಾಗಿರಲಿ ಮಗಳೇ, ನೀನೇ ಹೇಳು, ಹೂಂ ಅಂತೀಯೋ ಊಹೂಂ ಅಂತೀಯೋ?” ಎಂದರು. ಮಾನ್ಯರೇ, ಇದಕ್ಕಿಂತ ಸುಲಭದ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ಯಾರಿಗೂ ಕೇಳಿರಲಾರದು. ನನ್ನಂಥ ನಾಚಿಕೆಯವಳಿಗೆಂದೇ, ತುಟಿಯನ್ನೂ ತೆರೆಯದೆ ಹೇಳಬಹುದಾದ ಉತ್ತರವದು. ಬಾಯಲ್ಲಿ ಗುಂಡುಸೂಜಿ ಇದ್ದರೂ ಹೇಳಬಹುದು. ನಾನು ಧೈರ್ಯವನ್ನೆಲ್ಲ ಒಟ್ಟುಮಾಡಿ ‘ಹೂಂ’ ಎನ್ನಲು ಮೂಗಿನಲ್ಲಿ ಉಸಿರು ತುಂಬಿಕೊಂಡೆ. ಅಷ್ಟರಲ್ಲಿ, ಕಕ್ಷಿದಾರರಿಗೆ ಬಾಯಿ ತೆರೆಯಲು ಬಿಡಬಾರದೆಂಬುದು ನೆನಪಾಗಿ, ಅಕ್ಕ ಸ್ಟೂಲಿನಿಂದ ಧುಮುಕಿ ನನ್ನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಒಂದು ಸೂಜಿ ಒಳಗಡೆ ಚುಚ್ಚಿತು. ‘ಊ’ ಎಂದಿತು ನನ್ನ ನೋವು. ‘ಹೂಂ’ ಎಂದಿತು ನನ್ನ ಮನಸ್ಸು. ಎರಡೂ ಕೂಡಿ ಹೊರಗೆ ಬಂದದ್ದು ‘ಊಹೂಂ’.

“ಕೇಳಿದಿರಲ್ಲ, ಕಕ್ಷಿದಾರರೇ ದೃಢಪಡಿಸಿದ್ದಾರೆ” ಎಂದಳು ಅಕ್ಕ, ಒಂದು ತೋಳಿನ ಕೋಟಿನಲ್ಲಿ ತಲೆಯೆತ್ತಿ.

ಅತ್ತೆಯವರು ಏನೂ ಅನ್ನದೆ ಹೋದರು. ಅವರು ಏನೂ ಅನ್ನದೆ ಹೋದದ್ದು ಬೀದಿಯ ಚರಿತ್ರೆಯಲ್ಲಿ ಅದೇ ಮೊದಲು. ಎದುರು ಅಂಗಡಿಯಲ್ಲಿ ಅರದ ಸದ್ದು ನಿಂತಿತು. ನಾನು ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರೆ ಅಕ್ಕ, “ಚೆನ್ನಾಗಿ ವಾದಿಸಿದೆ ಅಲ್ವೇನೇ?” ಎಂದು ಕೇಳಿದಳು. ಅದು ಅವಳ ಮೊದಲ ಮೊಕದ್ದಮೆ, ಪೂರ್ತಿ ಗೆದ್ದಿದ್ದಳು, ತಮಗೆ ಅಭಿನಂದನೆಗಳು.

ಮಾರನೆಯ ದಿನ ಮರದ ಕೀಲಿಯನ್ನು ಬಾಗಿಲಿನಿಂದ ಇಳಿಸಿ ಗೋಡೆಗೆ ಒರಗಿಸಿದ್ದರು. ಈ ತಿಂಗಳ ಕೊನೆಗೆ ಕೀಲಿ ಕತ್ತರಿಸುವ ಯಂತ್ರವನ್ನು ಕೊಂಡೊಯ್ಯಲು ಗಾಡಿ ಬರುತ್ತದಂತೆ, ಅದರ ಜೊತೆಗೆ ಅವರೂ ಹೊರಡುತ್ತಾರಂತೆ ಎಂದು ಜೆರಾಕ್ಸಿನವನು ಹೇಳಿದ. ನಾನು ಆ ದಿನ ಹಚ್ಚಿದ ಗುಂಡಿಗಳೆಲ್ಲ ಕಣ್ಣಿಗೆ ಮಸುಕಾಗಿಯೇ ಕಂಡವು. ಈ ಊರಿನ ಯಾರಾದರೂ ವಕೀಲರ ಕೋಟಿನ ಗುಂಡಿ ಸೊಟ್ಟಗಿದ್ದರೆ, ದೂರಲು ಅವರು ಅಕ್ಕನ ಮಾರ್ಗದರ್ಶಕರಾದ ತಮ್ಮ ಬಳಿಗೇ ಬರಲಿ.

ಆ ಸಂಜೆ ಮನೆಯ ಮೆಟ್ಟಿಲ ಮೇಲೆ ಕೂತು, ಬೆಳ್ಳಿಗೂದಲಿನ ಅಮ್ಮನವರು ಮೈಕಿಲ್ಲದೆ ಹೇಳಿದ್ದನ್ನು ನಾನು ಅಕ್ಕನಿಗೆ ಹೇಳಿದೆ. “ಎಲ್ಲಕ್ಕಿಂತ ಮೊದಲು ಕಕ್ಷಿದಾರರ ಮಾತನ್ನು ಪೂರ್ತಿ ಕೇಳಿ” ಎಂಬುದಷ್ಟೇ ಅವರ ಮಾತು. ಅಕ್ಕ ನನ್ನ ಪಕ್ಕಕ್ಕೆ ಸರಿದು ಕೂತಳು. ಆಮೇಲೆ, “ಸರಿ, ಹೇಳು” ಎಂದಳು. ನಾನು ಹೇಳಿದೆ. ಕಳೆದ ಕೀಲಿ, ಕಳೆಯದ ಕೀಲಿ, ಕೆಡದ ಬೀಗ, ಎರಡೂ ಕಡೆ ಕಾಜಾ, ಎಲ್ಲವನ್ನೂ ಹೇಳಿದೆ. ಅವಳು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಕೊನೆಯಲ್ಲಿ ಕಣ್ಣೊರೆಸಿಕೊಂಡು, “ಇಷ್ಟೊಂದು ಮಾತು ನಿನ್ನೊಳಗೆ ಎಲ್ಲಿತ್ತೇ? ನಾನು ಎಂಥ ಕೆಲಸ ಮಾಡಿಬಿಟ್ಟೆ” ಎಂದಳು. ಅಷ್ಟರಲ್ಲಿ ಒಳಗಿನಿಂದ ಅಮ್ಮ, “ಈಗಲಾದರೂ ಒಪ್ಕೊಂಡಳಲ್ಲ, ಆ ಹಾಲಿನದ್ದೂ ಕೇಳಿಬಿಡೇ” ಎಂದರು.

ಬೀದಿ ದಾಟಿ ಹೋಗಿ ಹೇಳಬಾರದೇ ಎಂದು ತಾವು ಕೇಳಬಹುದು. ನಾಲ್ಕು ಸಲ ಹೊರಟೆ, ನಡುಬೀದಿಯವರೆಗೆ ಹೋಗಿ ಜೆರಾಕ್ಸ್ ಅಂಗಡಿಗೆ ತಿರುಗಿಕೊಂಡೆ. ನಾನು ಪ್ರತಿ ತೆಗೆಸಿದ ಕಾಗದಗಳನ್ನು ಅವನು ಜೋಡಿಸಿಟ್ಟಿದ್ದಾನೆ, ಎಲ್ಲವೂ ಖಾಲಿ ಹಾಳೆಯ ಪ್ರತಿಗಳು. ಅಕ್ಕನೇ ಹೋಗಿ ಹೇಳಿದರೆ ಅತ್ತೆಯವರು, “ಅವತ್ತು ನೀನು ಇಲ್ಲ ಅಂದಿದ್ದೂ ಕೇಳಿದ್ದೀನಿ, ಈಗ ಹೌದು ಅಂದಿದ್ದೂ ಕೇಳಿದ್ದೀನಿ, ನಿನ್ನ ಮಾತು ಸಾಕು” ಎಂದು ಪತ್ರಿಕೆಯ ಹಿಂದೆ ಮುಖ ಮರೆಮಾಡಿಕೊಂಡರು. ವಾಯಿದೆಯನ್ನಾದರೂ ಕೊಡಿ ಎಂದು ಅಕ್ಕ ಬೇಡಿದಳು. “ವಾಯಿದೆ ಕೊಡೋಕೆ ನಾನೇನು ಜಡ್ಜಾ? ಗಾಡಿಯವನನ್ನ ಕೇಳು” ಎಂದು ಪತ್ರಿಕೆಯ ಹಿಂದಿನಿಂದ ಉತ್ತರ ಬಂತು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಮ್ರ ಬೇಡಿಕೆಗಳು ಹೀಗಿವೆ. ಮೇಜು ಗುದ್ದುವ ಹಿರಿಯರು ತಮ್ಮ ಪೂರ್ತಿ ಕಪ್ಪು ಉಡುಪಿನಲ್ಲಿ ನಮ್ಮ ಬೀದಿಗೆ ಬಂದು, ಮರದ ಕೀಲಿಯ ಎದುರು ನಿಂತು, ಅದೇ ಗಂಟಲಿನಲ್ಲಿ, ಅಲ್ಲಗಳೆದದ್ದನ್ನು ಅಲ್ಲಗಳೆಯಬೇಕು. ಗುದ್ದಲು ಮೇಜನ್ನು ನಮ್ಮ ಅಂಗಡಿಯಿಂದಲೇ ಒದಗಿಸುತ್ತೇವೆ. ಕನ್ನಡಕದ ಹಿರಿಯರು ಆ ಗಾಡಿಗೆ, ಗಾಡಿಯ ಚಕ್ರಗಳಿಗೆ, ಸಾಧ್ಯವಾದರೆ ತಿಂಗಳ ಕೊನೆಗೇ ತಡೆಯಾಜ್ಞೆ ತರಬೇಕು. ವಾಯಿದೆ ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲವೆಂದು ಕೇಳಿದ್ದೇನೆ, ಕ್ಯಾಲೆಂಡರಿನಿಂದ ಒಂದು ವಾಯಿದೆ ಪಡೆಯುವುದು ಅವರಿಗೆ ಕಷ್ಟವಾಗಲಾರದು. ಬಾಯಲ್ಲಿ ಗುಂಡುಸೂಜಿ ಇರುವಾಗ ಹೆಣ್ಣೊಬ್ಬಳು ‘ಊ’ ಎಂದರೆ ಅದನ್ನು ನೋವೆಂದೂ, ‘ಹೂಂ’ ಎಂದರೆ ಒಪ್ಪಿಗೆಯೆಂದೂ, ಎರಡೂ ಕೂಡಿ ಬಂದರೆ ಸೂಜಿ ತೆಗೆಸಿ ಮತ್ತೊಮ್ಮೆ ಕೇಳತಕ್ಕದ್ದೆಂದೂ ಕಾನೂನಿಗೆ ತಿದ್ದುಪಡಿಯಾಗಬೇಕು. ಬೆಳ್ಳಿಗೂದಲಿನ ಅಮ್ಮನವರಿಂದ ನನಗೆ ಏನೂ ಬೇಡ. ಮುಂದಿನ ಕಾರ್ಯಕ್ರಮದಲ್ಲಿ ಮೈಕನ್ನು ಮೊದಲು ಅವರ ಕೈಗೆ ಕೊಡಿ, ಅಷ್ಟು ಸಾಕು.

ತಮಗೆ ಬಿಡುವಿಲ್ಲದಿದ್ದರೆ ಇನ್ನೊಂದು ದಾರಿಯಿದೆ. ಇಡೀ ಬೀದಿಯ ಎದುರು ಅಲ್ಲಗಳೆದದ್ದನ್ನು ಇಡೀ ಬೀದಿಯ ಎದುರೇ ಹಿಂತೆಗೆದುಕೊಳ್ಳಬೇಕೆಂದು ಅಕ್ಕನೇ ಹುಡುಕಿ ಹೇಳಿದಳು. ಅತ್ತೆಯವರು ವಾರಪತ್ರಿಕೆಯನ್ನು ಗಟ್ಟಿಯಾಗಿ ಓದುವಾಗ ಯಾವ ಪುಟವನ್ನೂ ಬಿಡುವುದಿಲ್ಲ. ಈ ಪತ್ರವನ್ನು ಪತ್ರಿಕೆಗೆ ಕಳುಹಿಸುತ್ತಿರುವುದು ಆ ಕಾರಣಕ್ಕೆ. ಆದ್ದರಿಂದ, ಅತ್ತೆಯವರೇ, ಈ ಜಾಗಕ್ಕೆ ಬಂದಾಗ ದಯವಿಟ್ಟು ದನಿಯನ್ನು ಇನ್ನೂ ಸ್ವಲ್ಪ ಏರಿಸಿ. ಅರದ ಸದ್ದಿನ ನಡುವೆಯೂ ಕೇಳಿಸಬೇಕು. ನನ್ನ ಬಾಯಲ್ಲಿ ಈಗ ಒಂದೂ ಸೂಜಿಯಿಲ್ಲ. ನನ್ನ ಉತ್ತರ: ಹೂಂ.

ತಮ್ಮ ಹಿತನುಡಿಗಳಿಂದ ಇಷ್ಟೆಲ್ಲ ಪಡೆದ,
ಪರದೆಯ ಪಕ್ಕದಲ್ಲಿ ನಿಂತಿದ್ದ,
ತಮ್ಮ ವಿಶ್ವಾಸಿ,
ಗುಂಡಿ ಹಚ್ಚುವವಳು

ಮರೆತ ಮಾತು: ಎದುರು ಪಕ್ಷಕ್ಕೆ ಒಂದು ಪ್ರತಿ ಕೊಡದೆ ಏನನ್ನೂ ಸಲ್ಲಿಸಬಾರದಂತೆ. ಅದು ತಾವು ಹೇಳಿದ್ದಲ್ಲ, ಅಕ್ಕ ಪುಸ್ತಕದಲ್ಲಿ ಓದಿದ್ದು. ಹಾಗಾಗಿ ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಅವಳು, ಗಾಂಭೀರ್ಯವನ್ನೆಲ್ಲ ಬಿಟ್ಟು, ಓಡಿಹೋಗಿ ಒಂದು ಪ್ರತಿಯನ್ನು ಅತ್ತೆಯವರ ಮಡಿಲಿಗೆ ಹಾಕಿ ಬಂದಳು. ಅತ್ತೆಯವರು ಎದ್ದು ನಿಂತು ಓದಿದರು, ಗಟ್ಟಿಯಾಗಿ, ಕೊನೆಯ ಪದವನ್ನು ಎರಡು ಸಲ. ಕೀಲಿಯವರು ಅರ ಕೆಳಗಿಟ್ಟು ಬೀದಿ ದಾಟಿ ಬಂದು ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತು, “ಹೂಂ” ಎಂದರು. ಅಕ್ಕ, “ಇದನ್ನು ಸ್ವಲ್ಪ ವಿವರಿಸ್ತೀರಾ?” ಎಂದಳು. ಅವರು ಬಹಳ ಯೋಚಿಸಿ, “ಹೂಂ ಅಂದೆನಲ್ಲ” ಎಂದರು. ಮರದ ಕೀಲಿ ಮತ್ತೆ ಬಾಗಿಲ ಮೇಲಿದೆ. ಹಾಗಿದ್ದರೂ ಈ ಪತ್ರವನ್ನು ಕಳುಹಿಸುತ್ತಿದ್ದೇನೆ, ಏಕೆಂದರೆ ದೂರು ದೂರೇ. ಇನ್ನು, ಮೇಜು ಗುದ್ದುವ ಹಿರಿಯರು ರಿಪೇರಿಗೆ ಕೊಟ್ಟಿದ್ದ ಕೊರಳಿನ ಬಿಳಿ ಪಟ್ಟಿ ಸಿದ್ಧವಾಗಿದೆ. ಹಾಕಿಕೊಂಡಾಗ ಗಂಟಲಿನ ಬಳಿ ಒಂದು ಬೆರಳಿನಷ್ಟು ಬಿಗಿಯೆನಿಸಿ ದನಿ ಹೊರಡದೆ ಹೋದರೆ, ಅದರ ಕೊಕ್ಕೆಯನ್ನು ನಾನು ಬೇಕೆಂದೇ ಹಿಂದಕ್ಕೆ ಹಚ್ಚಿದ್ದೇನೆ ಎಂಬ ಆರೋಪವನ್ನು ಈಗಲೇ, ಓದುವ ಮೊದಲೇ, ಪೂರ್ತಿಯಾಗಿ ಅಲ್ಲಗಳೆಯುತ್ತೇನೆ.